ಜಟ್ಟು ಮಾವನ ಟೈಮಿಂಗ್ ಚೈನು

ಕದ್ವಾಡದ ಮಾದುವಿನಂಥ ಒಳ್ಳೆಯ ಮನುಷ್ಯ ಸುತ್ತಲಿನ ಊರುಗಳಲ್ಲಿ ಸಿಗುವುದು ಕಷ್ಟ. ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಒಳ್ಳೆಯದು ಮಾಡಲು ಹೋದಾಗಲೇ ಅವನಿಂದ ಎಡವಟ್ಟಾಗುತ್ತಿದ್ದುದು. ಪಕ್ಕದವರ ಗದ್ದೆಗೆ ನುಗ್ಗಿದ ಎಮ್ಮೆಯನ್ನು ಓಡಿಸಲು ಹೋಗಿ, ಅದನ್ನು ತನ್ನ ಗದ್ದೆಗೇ ಹೊಡೆದುಕೊಂಡು ಬಂದವನು ಅವನು.

ಇಂಥವನ ಕೈಗೆ ಸತ್ತ ಮಾವನನ್ನು ಮನೆಯೊಳಗೆ ಕರೆತರುವ ಕೆಲಸ ಬಿತ್ತು. ಮಾವ ಜಟ್ಟು ಗೌಡರಿಗೆ ಗಂಡುಮಕ್ಕಳಿಲ್ಲ. ಇದ್ದ ಒಬ್ಬಳೇ ಮಗಳು ಸೌಜನ್ಯಾಳನ್ನು ಮದುವೆಯಾಗಿ, ಮಾವನ ಮನೆಯಲ್ಲೇ ನೆಲೆನಿಂತು, ಮಾವನ ಗದ್ದೆಯನ್ನೂ ಮಾವನ ಹಳೆಯ ಕಾರನ್ನೂ ನೋಡಿಕೊಂಡಿದ್ದವನು ಮಾದು. ಹಾಗಾಗಿ ಮಗನ ಕೆಲಸ ಅಳಿಯನ ಪಾಲಿಗೆ ಬಂತು.

ಶಾಸ್ತ್ರವೇನೂ ಕಷ್ಟದ್ದಲ್ಲ. ಸತ್ತವರು ಕೆಲವು ದಿನ ಹೊರಗೇ ಅಲೆಯುತ್ತಿರುತ್ತಾರೆ. ಅವರನ್ನು ಹೊಳೆಯ ದಂಡೆಯಲ್ಲಿ ಒಂದು ತೆಂಗಿನಕಾಯಿಗೆ ಕರೆದು, ಆ ಕಾಯಿಯನ್ನು ಬೊಗಸೆಯಲ್ಲಿ ಹಿಡಿದು, ಬರಿಗಾಲಲ್ಲಿ ನಡೆದು ತಂದು ಮನೆಯೊಳಗೆ ಹಿರಿಯರ ಮೂಲೆಯಲ್ಲಿ ಇಡಬೇಕು. ದಾರಿಯಲ್ಲಿ ಮಾತಾಡಬಾರದು, ಹಿಂದೆ ತಿರುಗಿ ನೋಡಬಾರದು, ಕಾಯಿಯನ್ನು ಎಲ್ಲೂ ಕೆಳಗಿಡಬಾರದು. ಊರಿನಲ್ಲಿ ಶಾಸ್ತ್ರ ಹೇಳುವ ಹಿರಿಯ ಹುಲಿಯಾ ಇದನ್ನು ಮಾದುವಿಗೆ ಮತ್ತೆ ಮತ್ತೆ ಹೇಳಿ, ಅವನಿಂದಲೂ ಹೇಳಿಸಿ, ಮುಂದಿನ ತಯಾರಿಗೆಂದು ತನ್ನ ಮನೆಗೆ ಹೋದ.

ಆದರೆ ಬಿಸಿಲು ಕಾದಿತ್ತು. ಡಾಂಬರು ರಸ್ತೆಯ ಮೇಲೆ ಬರಿಗಾಲು ಇಟ್ಟರೆ ಚುರ್ ಅನ್ನುತ್ತಿತ್ತು. ಕಾರು ಅಲ್ಲೇ ಹೊಳೆಯ ಬದಿಗೆ ನಿಂತಿತ್ತು. ಮಾವ ಬದುಕಿದ್ದಾಗ ಯಾವತ್ತೂ ಕಾರಿಲ್ಲದೆ ಹೊರಟವರಲ್ಲ, ಸತ್ತ ಮೇಲೆ ನಡೆಸುವುದು ಯಾವ ನ್ಯಾಯ ಎಂದು ಮಾದುವಿಗೆ ಅನ್ನಿಸಿತು. ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರು ಬಿಟ್ಟ. ಮಾತಾಡಲಿಲ್ಲ, ಕನ್ನಡಿಯಲ್ಲೂ ಹಿಂದೆ ನೋಡಲಿಲ್ಲ. ಅಂಗಳಕ್ಕೆ ಬಂದು ಇಳಿದು, ಬೇಲಿ ಬಾಯಿಯ ದಣಪೆಯ ಗಳ ಹಾಕಬೇಕಲ್ಲ, ಎರಡೂ ಕೈ ಬೇಕಲ್ಲ ಎಂದು ಕಾಯಿಯನ್ನು ಒಂದೇ ಗಳಿಗೆ ಬಾನೆಟ್ಟಿನ ಮೇಲಿಟ್ಟ. ಕಾಯಿ ಉರುಳತೊಡಗಿತು. ಮಾದು ಗಾಬರಿಯಲ್ಲಿ ಕೂಗಿಬಿಟ್ಟ:

"ಏ, ಅಲ್ಲೇ ಇರು ಮಾರಾಯಾ!"

ಕಾಯಿ ಗಕ್ಕನೆ ನಿಂತಿತು. ಇಳಿಜಾರಿನ ಬಾನೆಟ್ಟಿನ ಮೇಲೆ, ಅಂಚಿನಲ್ಲಿ, ಹಾಗೇ ನಿಂತಿತು.

ಹೊಸಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಅತ್ತೆ ನಾಗಮ್ಮನ ಮುಖ ಬಿಳಿಚಿತು. "ಅಯ್ಯೋ ತಮಾ, ಯಂತಾ ಮಾಡ್ಬಿಟ್ಯೋ! ಅವ್ರ್ನ ಅಲ್ಲೇ ಇರು ಅಂದ್ಯಲ್ಲೋ!"

"ನಾ ಕಾಯಿಗೆ ಹೇಳಿದ್ದು ಅತ್ತೆ."

"ಕಾಯಲ್ಲಿ ಇದ್ದವ್ರು ಯಾರು ಹಂಗಾರೆ?"

ಸುದ್ದಿ ಕೇಳಿ ಓಡಿ ಬಂದ ಹುಲಿಯಾ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಖಾಲಿ ಅದೆ" ಎಂದ. ಮತ್ತೆ ಸಮಾಧಾನಕ್ಕೆಂದು, "ಹೇಳಿದ್ ಮಾತು ಕೇಳೂ ಮನ್ಶಾ ಅಲ್ಲ ನಿನ್ ಮಾವ. ಈಗ ಮಾತ್ರ ಕೇಳ್ತಾ ಅಂತ ಯಂತಾ ಖಾತ್ರಿ? ನೋಡ್ವಾ" ಎಂದು ಸೇರಿಸಿದ.

ಜಟ್ಟು ಗೌಡರು ಬದುಕಿನಲ್ಲಿ ಮೊದಲ ಸಲ ಅಳಿಯನ ಮಾತು ಕೇಳಿದ್ದರು. ಅದು ಗೊತ್ತಾದದ್ದು ಮರುದಿನ ಬೆಳಿಗ್ಗೆ.

ಕಾಳಿ ಹೊಳೆಯ ಮೇಲಿಂದ ಮಂಜು ಎದ್ದು ಅಂಗಳದ ತನಕ ಬಂದಿತ್ತು. ಮಾದು ಕಾರಿನ ಕೀಲಿ ತಿರುಗಿಸಿದ. ಎಂಜಿನ್ನಿನ ಒಳಗಿಂದ ಕಟ ಕಟ ಕಟ ಕಟ ಎಂದು ಸದ್ದು ಬಂತು. ಮನೆಯಲ್ಲಿ ಎಲ್ಲರಿಗೂ ಗುರುತಿದ್ದ ಸದ್ದು ಅದು. ಹಲ್ಲು ಹೋದ ಮೇಲೆ ಜಟ್ಟು ಗೌಡರು ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಕಬ್ಬಿಣದ ಕುಟ್ಟಾಣಿಯಲ್ಲಿ ಕವಳ ಕುಟ್ಟುತ್ತಿದ್ದುದು ಹೀಗೆಯೇ. ಎಲೆ, ಅಡಿಕೆ ನುರಿಯುವ ತನಕ ಅದೇ ಲಯ, ಅದೇ ಅವಸರ.

ನಾಗಮ್ಮ ಒಳಗಿಂದ ಓಡಿ ಬಂದಳು. ಬಾನೆಟ್ಟಿನ ಮುಂದೆ ನಿಂತು, "ಸಾಕು, ಸಣ್ಣಾಯ್ತು ಬಿಡಿ" ಎಂದಳು.

ಸದ್ದು ನಿಂತಿತು.

ಆ ದಿನದಿಂದ ನಾಗಮ್ಮ ಒಳಗೆ ಉಣ್ಣುವುದನ್ನು ಬಿಟ್ಟಳು. ಚಾಪೆ ಜಗಲಿಗೆ ಬಂತು. ಊಟದ ಹೊತ್ತಿಗೆ ತಟ್ಟೆ ಹಿಡಿದು ಕಾರಿನ ಎದುರು ಕೂರುವಳು, ಎರಡು ತುತ್ತು ತಿಂದು ಉಳಿದದ್ದನ್ನು ಕಾಗೆಗೆ ಹಾಕುವಳು. "ಗಂಡ ಹೊರಗೆ ಕುಂತಿರ್ವಾಗ ಹೆಂಡ್ತಿ ಒಳಗೆ ಹೊಟ್ಟೆ ತುಂಬಾ ಉಂಬುದಾ?" ಎಂದು ಕೇಳಿದರೆ ಸೌಜನ್ಯಾ ಏನು ಹೇಳಬೇಕು? ತಾಯಿ ದಿನದಿನಕ್ಕೆ ಇಳಿಯುತ್ತಿರುವುದನ್ನು ನೋಡಿ ಗಂಡನನ್ನು ಬೈಯುವಳು. ಮಾದು ತಪ್ಪಿತಸ್ಥನಂತೆ ಬೈಸಿಕೊಳ್ಳುವನು.

ಊರಿಗೆ ಮಾತ್ರ ಹಬ್ಬವಾಯಿತು. ಜಟ್ಟು ಗೌಡರು ಬದುಕಿದ್ದಾಗ ಆ ಕಡೆ ತಲೆ ಹಾಕದ ನೆಂಟರೆಲ್ಲ ಬೆಳಿಗ್ಗೆ ಮಂಜಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಅಂಗಳಕ್ಕೆ ಬರತೊಡಗಿದರು. ಬಾವಿಯನ್ನು ಹಿತ್ತಲಲ್ಲೇ ತೋಡಿಸಲೋ ಬೇಡವೋ, ಮಗಳನ್ನು ಹಣಕೋಣದ ಹುಡುಗನಿಗೆ ಕೊಡಲೋ ಬೇಡವೋ ಎಂದು ಬಾನೆಟ್ಟಿಗೆ ಕೈಮುಗಿದು ಕೇಳುವರು. ಸದ್ದು ಬೇಗ ನಿಂತರೆ ಒಪ್ಪಿಗೆ, ಎಳೆದರೆ ಬೇಡ. ಮಾದು ಸ್ನಾನ ಮಾಡಿ, ಹೆಗಲ ಮೇಲೆ ಟವೆಲು ಹಾಕಿ, ಕೀಲಿಯನ್ನು ಕಣ್ಣಿಗೊತ್ತಿಕೊಂಡು ಕೂರುವನು. ಮಾವ ತಣ್ಣಗಿರುವಾಗಲೇ ಚೆನ್ನಾಗಿ ಮಾತಾಡುತ್ತಾರೆ, ಗಾಡಿ ಬಿಸಿಯಾದ ಮೇಲೆ ಬಾಯಿ ಬಿಡುವುದಿಲ್ಲ ಎಂದು ಕಂಡುಹಿಡಿದವನೂ ಅವನೇ. ಹುಟ್ಟಿದಾಗಿನಿಂದ ಯಾರೂ ಅವನನ್ನು ಒಂದು ಮಾತು ಕೇಳಿದ್ದಿಲ್ಲ. ಈಗ ಜನ ಬಾಗಿಲಲ್ಲಿ ಕಾಯುತ್ತಿದ್ದರು. ಹೆದರಿಕೆಯ ನಡುವೆಯೂ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಯಾಕೆ ಸುಳ್ಳು ಹೇಳಬೇಕು?

ಪಂಚಾಯ್ತಿಯ ಸೂರಜ್ ಒಂದು ಬೆಳಿಗ್ಗೆ ಬಂದ. ಸತ್ತವರ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಬೇಕಂತೆ. ನಾಗಮ್ಮ ಕಾರನ್ನು ತೋರಿಸಿ, "ಅವ್ರನ್ನೇ ಕೇಳು" ಎಂದಳು.

ಸೂರಜ್ ಕಲಿತವನು, ನಕ್ಕ. "ಗೌಡ್ರೇ, ನಿಮ್ಮ ಹೆಸ್ರು ತೆಗೀಲ್ಯಾ?"

ಮಾದು ಕೀಲಿ ತಿರುಗಿಸಿದ. ಸದ್ದು ಶುರುವಾಯಿತು. ನಿಲ್ಲಲಿಲ್ಲ. ಸೂರಜನ ನಗು ನಿಂತಿತು, ಸದ್ದು ನಿಲ್ಲಲಿಲ್ಲ. ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿದು, ದಣಪೆ ದಾಟಿ, ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದ. ಆ ತಿಂಗಳೂ ಜಟ್ಟು ಗೌಡರ ಪಾಲಿನ ಅಕ್ಕಿ ಬಂತು.

ಆದರೆ ಮಾದುವಿಗೆ ಅಂದೇ ಹೆದರಿಕೆ ಹತ್ತಿತು. ನಾಗಮ್ಮ ಎಷ್ಟು ಸಲ "ಸಾಕು" ಅಂದರೂ ಸದ್ದು ನಿಂತಿರಲಿಲ್ಲ. ಆಮೇಲೆ ದಿನವೂ ಅದು ಉದ್ದವಾಗುತ್ತ ಹೋಯಿತು. ಬಿಸಿ ಗಾಡಿಯಲ್ಲೂ ಕೇಳತೊಡಗಿತು. ಮೀಟರಿನ ಪಕ್ಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿ, ಆರದೆ ಉಳಿಯಿತು. ಅದು ತನ್ನನ್ನೇ ನೋಡುತ್ತಿದೆ ಎಂದು ಮಾದುವಿಗೆ ಅನ್ನಿಸುತ್ತಿತ್ತು. ನಡುವಿನ ಕನ್ನಡಿಯನ್ನು ಅವನು ಮೇಲಕ್ಕೆ ತಿರುಗಿಸಿಬಿಟ್ಟ. ಹಿಂದಿನ ಎಡಗಡೆಯ ಸೀಟು ಮಾವನದ್ದು. ಅಲ್ಲಿ ಏನೂ ಕಾಣುತ್ತಿರಲಿಲ್ಲ ನಿಜ, ಆದರೆ ಒಂದು ದಿನ ಕಂಡರೆ?

ನಾಗಮ್ಮನ ಅಕ್ಕ ಅಂಕೋಲೆಯಲ್ಲಿದ್ದಳು. ಅಕ್ಕನ ಮನೆಯಲ್ಲಾದರೂ ತಾಯಿ ನಾಲ್ಕು ತುತ್ತು ಉಂಡಾಳು ಎಂದು ಸೌಜನ್ಯಾ ಅವಳನ್ನೂ ಮಾದುವನ್ನೂ ಕಾರಿನಲ್ಲಿ ಹೊರಡಿಸಿದಳು. ಬಿಣಗಾದ ಏರಿನಲ್ಲಿ ಕಾರು ಮುಗ್ಗರಿಸಿತು. ಕಟ ಕಟ ಜೋರಾಗಿ, ಒಮ್ಮೆ ಎಳೆದು, ಎಂಜಿನ್ನು ಆರಿಹೋಯಿತು. ಹಿಂದಿನಿಂದ ಅದಿರಿನ ಲಾರಿಯೊಂದು ಹಾರ್ನು ಬಾರಿಸುತ್ತ ಮೈಮೇಲೆ ಬರುವಂತೆ ಬಂದು, ಅಂಗುಲದ ಅಂತರದಲ್ಲಿ ಸರಿದು ಹೋಯಿತು. ಮಾದು ಕೀಲಿ ತಿರುಗಿಸಿದ. ಇಲ್ಲ. ಮತ್ತೆ ತಿರುಗಿಸಿದ. ಇಲ್ಲ.

ಹಿಂದಿನಿಂದ ನಾಗಮ್ಮನ ದನಿ ಮೆಲ್ಲಗೆ ಕೇಳಿತು. "ಬಿಡಿ ಅವ್ನ. ಪಾಪದ ಹುಡ್ಗ ಅಂವ." ಅವಳು ತನ್ನ ಪಕ್ಕದ ಖಾಲಿ ಸೀಟಿನ ಕಡೆ ನೋಡಿ ಹೇಳುತ್ತಿದ್ದಳು.

ಗಾಡಿ ಸ್ಟಾರ್ಟ್ ಆಯಿತು. ಮಾದು ಮೆಲ್ಲಗೆ ತೆವಳಿಸಿಕೊಂಡು ಅಂಕೋಲೆ ಹತ್ತಿರದ ಬಾಳೆಗುಳಿಯ ತನಕ ಬಂದು, ಹೆದ್ದಾರಿ ಬದಿಯ ರೋಷನನ ಗ್ಯಾರೇಜಿಗೆ ನುಗ್ಗಿಸಿದ.

ರೋಷನ ಮಾತಿನ ಮಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಬದಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. "ಟೈಮಿಂಗ್ ಚೈನು!" ಎಂದು ಘೋಷಿಸಿದ. "ಕೆಳಗಿನ ಚಕ್ರ ತಿರುಗಿದಂಗೇ ಮೇಲಿನ ಚಕ್ರ ತಿರುಗ್ಬೇಕು. ಅದ್ಕೆ ಚೈನು. ಕೊಂಡಿ ಸವ್ದು ಚೈನು ಉದ್ದ ಆಗ್ಯದೆ. ಸಡ್ಲ ಆಗಿದ್ದು ಒಳಗೆ ಬಡೀತದೆ. ತಣ್ಣಗಿರ್ವಾಗ ಎಣ್ಣೆ ಏರಿ ಅದ್ನ ಬಿಗಿ ಮಾಡೂ ತನ್ಕ ಸದ್ದು. ಪೂರಾ ಸವದ್ರೆ ಬಿಸಿಲ್ಲೂ ಸದ್ದು. ಒಂದು ಹಲ್ಲು ಹಾರ್ತು ಅಂದ್ರೆ ವಾಲ್ವು ಬಂದು ಪಿಸ್ಟನ್ನಿಗೆ ಗುದ್ತದೆ, ಎಂಜಿನ್ನು ಖಲಾಸ್. ಏರಲ್ಲೇ ಆಗಿದ್ರೆ ನೀವೂ ಖಲಾಸ್! ಎಣ್ಣೆ ಯಾವಾಗ ಬದ್ಲಿಸಿದ್ದು?"

"ಮಾವಂಗೆ ಅದು ಸೇರ್ತಿರ್ಲಿಲ್ಲ" ಎಂದ ಮಾದು. ಹೊಸ ಎಣ್ಣೆ ಹಾಕಿದರೆ ಗಾಡಿಗೆ ಸೊಕ್ಕು ಬರುತ್ತದೆಂಬುದು ಜಟ್ಟು ಗೌಡರ ಸಿದ್ಧಾಂತವಾಗಿತ್ತು. "ಹಂಗಾರೆ ಒಳಗಿರೂದು ಮಾವ ಅಲ್ಲ?"

"ಯಾವ ಮಾವ?"

ಮಾದು ಕಥೆಯೆಲ್ಲ ಹೇಳಿದ. ರೋಷನ ಸ್ಕ್ರೂಡ್ರೈವರನ್ನು ಕೆಳಗೆ ಬಿಸಾಡಿ ಎದೆಯ ಮೇಲೆ ಶಿಲುಬೆ ಬರೆದುಕೊಂಡ. "ಮೊದ್ಲೇ ಹೇಳೂಕೆ ಯಂತಾ ರೋಗ? ನಾ ಕಿವಿ ಕೊಟ್ಟೆ ಮಾರಾಯಾ!"

ನಾಗಮ್ಮ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡಿದ್ದಳು. "ಅಂವ ಹೇಳೂದು ಖರೆನೇ" ಎಂದಳು. "ಚೈನು ಸಡ್ಲ ಇದ್ದದ್ಕೇ ಅವ್ರಿಗೆ ಕುಳ್ಳೂಕೆ ಜಾಗ ಆದದ್ದು. ತೆಗ್ದು ಬಿಸಾಕಿದ್ರೆ ಅವ್ರು ಎಲ್ಲಿ ಹೋಗ್ಬೇಕು?"

ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೈ ಕಡ್ಡಿಯಂತಾಗಿತ್ತು. ಚೈನು ಬದಲಿಸದಿದ್ದರೆ ಗಾಡಿ ಯಾವತ್ತೋ ಎಲ್ಲರನ್ನೂ ಕೊಂದೀತು, ಬದಲಿಸಿದರೆ ಅತ್ತೆ ಅನ್ನ ಬಿಟ್ಟು ಸತ್ತಾಳು. ಆ ಕ್ಷಣ ಮಾದುವಿಗೆ ಜೋರಾಗಿ ಅಳಬೇಕು ಅನ್ನಿಸಿತು.

ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದರು. ಹುಲಿಯಾ ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟ. "ತಪ್ಪಾದಲ್ಲಿಂದ್ಲೇ ತಿದ್ಬೇಕು. ಗ್ಯಾರೇಜಿನಂವ ಹಳೇ ಚೈನು ತೆಗ್ದು ಮಾದು ಬೊಗ್ಸಿಗೆ ಕೊಡ್ಲಿ. ಕಾಯಿ ತರೂ ಹಂಗೇ ತರ್ಬೇಕು. ಮಾತಿಲ್ಲ. ಹಿಂದೆ ನೋಡೂಕಿಲ್ಲ. ಕೆಳಗಿಡೂಕಿಲ್ಲ. ಈ ಸಲ ಗಾಡಿ ಹತ್ತೂಕೂ ಇಲ್ಲ."

"ಬಾಳೆಗುಳಿಯಿಂದ ಕದ್ವಾಡಕ್ಕೆ ನಡ್ದು ಬರೂದಾ?" ಮಾದು ಗೋಗರೆದ.

ರಾಷ್ಟ್ರೀಯ ಹೆದ್ದಾರಿಯ ಬಗ್ಗೆ ಹಿರಿಯರು ಏನೂ ಹೇಳಿಹೋಗಿರಲಿಲ್ಲ. ಹುಲಿಯಾ ಮತ್ತೆ ಕಣ್ಣು ಮುಚ್ಚಿದ. "ಬಸ್ಸು ಸರ್ಕಾರದ್ದು. ಸರ್ಕಾರದ್ದು ಅಂದ್ರೆ ಯಾರ್ದೂ ಅಲ್ಲ. ಅಡ್ಡಿಲ್ಲ."

ಹುಬ್ಬಳ್ಳಿಯಿಂದ ಹೊಸ ಚೈನು ಬಂದ ದಿನ ಮಾದು, ನಾಗಮ್ಮ, ಹುಲಿಯಾ ಮೂವರೂ ಗ್ಯಾರೇಜಿನಲ್ಲಿದ್ದರು. ರೋಷನ ಕೈಯಿಂದಲೇ ಎಂಜಿನ್ನು ತಿರುಗಿಸಿ, ಮೇಲಿನ ಚಕ್ರದ ಗುರುತು, ಕೆಳಗಿನ ಚಕ್ರದ ಗುರುತು ಎರಡನ್ನೂ ಸರಿಹೊಂದಿಸಿ, ಮುಚ್ಚಳಗಳನ್ನು ಬಿಚ್ಚಿದ. ಚೈನನ್ನು ಬಿಗಿಹಿಡಿಯುವ ಟೆನ್ಷನರಿನ ಗೂಟ ಕೊನೆಯ ತನಕ ಹೊರಬಂದು, ಇನ್ನು ಚಾಚಲು ಜಾಗವಿಲ್ಲದೆ ನಿಂತಿತ್ತು. "ನೋಡಿ, ಇವನ ಕೈಲೂ ಆಗ್ಲಿಲ್ಲ" ಎಂದ. ಚೈನನ್ನು ಎತ್ತಿ ಹೊಸದರ ಪಕ್ಕ ಹಿಡಿದರೆ ಹಳೆಯದು ಕೆಳಗೆ ಇಳಿಬಿದ್ದಿತ್ತು. ಗಾಳಿ ಇರಲಿಲ್ಲ. ಹೊಸ ಚೈನು ಅಲುಗಲಿಲ್ಲ. ಹಳೆಯದು ಮೆಲ್ಲಗೆ ಅತ್ತಿತ್ತ ತೂಗತೊಡಗಿತು.

"ತಕಳ್ರಿ, ತಕಳ್ರಿ" ಎಂದು ರೋಷನ ಅದನ್ನು ಮಾದುವಿನ ಬೊಗಸೆಯ ಬಾಳೆಎಲೆಗೆ ಹಾಕಿ ದೂರ ಸರಿದ. ಚೈನು ಬೆಚ್ಚಗಿತ್ತು. ಕಾರು ಅಲ್ಲಿಗೆ ಬಂದು ನಿಂತು ಎಷ್ಟೋ ದಿನವಾಗಿತ್ತು.

ಮಾದು ಹೆದ್ದಾರಿಗೆ ಬಂದು ನಿಂತ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಎರಡೂ ಕೈಯಲ್ಲಿ ಚೈನು ಹಿಡಿದವನು ಯಾವ ಕೈ ಎತ್ತಬೇಕು? ಕೂಗಲು ಬಾಯಿಲ್ಲ. ಒಂದು ಕಾಲೆತ್ತಿ ನೋಡಿದ. ಚಾಲಕ ಅವನನ್ನು ಕುಡುಕನೆಂದುಕೊಂಡು ವೇಗ ಹೆಚ್ಚಿಸಿದ. ಹೊತ್ತು ಇಳಿಯುವಾಗ ಒಂದು ಬಸ್ಸು ತಾನಾಗಿ, ಅವನ ಎದುರಿಗೇ ನಿಂತಿತು.

ಕಂಡಕ್ಟರ್ "ಎಲ್ಲಿಗೆ?" ಎಂದ. ಮಾದು ಗದ್ದದಿಂದ ಅಂಗಿಯ ಕಿಸೆ ತೋರಿಸಿದ. ಸೌಜನ್ಯಾ ಊರಿನ ಹೆಸರು ಬರೆದ ಚೀಟಿಯನ್ನೂ ಹಣವನ್ನೂ ಅಲ್ಲಿ ಇಟ್ಟಿದ್ದಳು. ಕಂಡಕ್ಟರ್ ಓದಿ, ಮಾದುವಿನ ಹೆಗಲಿನಾಚೆ ನೋಡಿದ.

"ಹಿಂದೆ ಇದ್ದ ಅಜ್ಜ ನಿಮ್ ಜೊತೀಗಾ?"

ಹೌದೆಂದು ತಲೆ ಆಡಿಸಲೂ ಇಲ್ಲವೆಂದು ಆಡಿಸಲೂ ಧೈರ್ಯ ಸಾಲದೆ ಮಾದುವಿನ ತಲೆ ಎರಡರ ನಡುವೆ ಸುಮ್ಮನೆ ನಡುಗಿತು.

"ಅಜ್ಜಾ, ಆಧಾರ್ ಕಾರ್ಡು ಅದ್ಯ? ರಿಯಾಯ್ತಿ ಸಿಕ್ತದೆ." ಕಂಡಕ್ಟರ್ ಒಂದು ಕ್ಷಣ ಕಾದ, ಏನನ್ನೋ ಕೇಳಿಸಿಕೊಂಡವನಂತೆ. "ತರ್ಲಿಲ್ವಾ? ಹಂಗಾರೆ ಪೂರಾ ಟಿಕೀಟು." ಎರಡು ಟಿಕೆಟು ಹರಿದು ಕಿಸೆಗೆ ತುರುಕಿದ. ಮುಂದೆ ಹೋಗುತ್ತ ತಿರುಗಿ, "ಬಸ್ಸಲ್ಲಿ ಕವಳ ಉಗಳೂಕಿಲ್ಲ ಮತ್ತೆ, ಅಜ್ಜಾ" ಎಂದು ಎಚ್ಚರಿಸಿದ.

ಬಿಣಗಾದ ಏರಿನಲ್ಲಿ ಒಂದು ಕಾರು ಬಸ್ಸನ್ನು ಹಿಂದೆ ಹಾಕಿತು. ಎಷ್ಟು ಸದ್ದಿಲ್ಲದೆ ಬಂತೆಂದರೆ, ಕಿಟಕಿಯ ಪಕ್ಕಕ್ಕೆ ಬಂದ ಮೇಲೆಯೇ ಅದು ಮಾವನ ಕಾರೆಂದು ಮಾದುವಿಗೆ ತಿಳಿದದ್ದು. ರೋಷನ ನಡೆಸುತ್ತಿದ್ದ, ಹುಲಿಯಾ ಪಕ್ಕದಲ್ಲಿದ್ದ. ಹಿಂದೆ ಕೂತ ನಾಗಮ್ಮ ತಲೆಯೆತ್ತಿ ಬಸ್ಸಿನ ಕಡೆ ನೋಡಿದಳು. ಮಾದುವನ್ನಲ್ಲ. ಅವನ ಹಿಂದಿನ ಸೀಟಿನ ಕಿಟಕಿಯನ್ನು. ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಕಾರವಾರದಲ್ಲಿ ಬಸ್ಸು ಬದಲಿಸಿದ. ಕದ್ವಾಡದ ಬಸ್ಸಿನಲ್ಲಿ ಬುಟ್ಟಿ ಹಿಡಿದ ಮೀನು ಮಾರುವ ಹೆಂಗಸೊಬ್ಬಳು ಮಾದು ನಿಂತೇ ಇದ್ದರೂ ಅವನ ಹಿಂದಿನವರಿಗೆ ಜಾಗ ಮಾಡಿಕೊಟ್ಟಳು. "ಕುಳ್ಳಿ ಅಜ್ಜಾ, ಕಾಲು ನೋಯ್ತದೆ." ಸೀಟು ಕಿರ್ ಎಂದಿತು.

ಊರಿನಲ್ಲಿ ಇಳಿದಾಗ ಸಂಜೆ ಮಬ್ಬಾಗುತ್ತಿತ್ತು. ಮಾದು ಬರಿಗಾಲಲ್ಲಿ ನಡೆದ. ಹಿಂದೆ ಚಪ್ಪಲಿ ಎಳೆದು ನಡೆಯುವ ಸದ್ದು ಬಂತು. ನಿಂತರೆ ನಿಲ್ಲುವುದು, ನಡೆದರೆ ಬರುವುದು. ಯಾವತ್ತೂ ಅವನನ್ನು ಕಂಡರೆ ಮೈಮೇಲೆ ಬರುತ್ತಿದ್ದ ತಿರುವಿನ ಮನೆಯ ನಾಯಿ ಬಾಲ ಒಳಗೆ ಹಾಕಿ ಗೋಡೆಗೆ ಒತ್ತಿಕೊಂಡಿತು. ಓಡಿಬಿಡೋಣ ಎಂದು ಮಾದುವಿಗೆ ಅನ್ನಿಸಿದ್ದು ಖರೆ. ಆದರೆ ಹಿಂದಿನ ಹೆಜ್ಜೆಯ ಜೊತೆ ಏದುಸಿರೂ ಕೇಳುತ್ತಿತ್ತು. ಹೊರಗೆ ಇಷ್ಟು ದಿನ ಕೂತ ಮುದುಕ, ಪಾಪ, ಹಸಿದಿರಬೇಕು. ಮಾದು ತನ್ನ ಹೆಜ್ಜೆಯನ್ನು ಸಣ್ಣದು ಮಾಡಿದ. ಆಮೇಲೆ ಇಬ್ಬರ ಹೆಜ್ಜೆಯೂ ಒಂದೇ ಸಮನಾಗಿ ಕೇಳಿತು.

ಮನೆಯ ಬಾಗಿಲಲ್ಲಿ ನಾಗಮ್ಮ ತಂಬಿಗೆ ಹಿಡಿದು ನಿಂತಿದ್ದಳು. ಮಾದುವಿನ ಕಾಲಿಗೆ ನೀರು ಹಾಕಿದಳು. ಅವನ ಪಕ್ಕದ ಖಾಲಿ ಮೆಟ್ಟಿಲ ಮೇಲೂ, ಒಂದೊಂದಾಗಿ ಎರಡು ಕಾಲಿಗೆ ಹಾಕುವಂತೆ, ನಿಧಾನ ಹಾಕಿದಳು. ಎಲೆಯ ಸಮೇತ ಚೈನನ್ನು ಮಡಿಲಿಗೆ ತೆಗೆದುಕೊಂಡಳು.

"ಬನ್ನಿ. ಅನ್ನ ಆರ್ತದೆ" ಎಂದು ಬದಿಗೆ ಸರಿದು ದಾರಿ ಬಿಟ್ಟು, ತಾನೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾದು ಹೊರಗೇ ಉಳಿದ.

ಅತ್ತೆ ಏನೋ ಮರೆತಿರಬೇಕೆಂದು ಅವನು ಸ್ವಲ್ಪ ಹೊತ್ತು ಕಾದ. ಒಳಗೆ ಮಣೆ ಎಳೆದ ಸದ್ದು, ಬಡಿಸುವ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಅಡುಗೆಮನೆಯ ಕಿಟಕಿ ತೆರೆಯಿತು. ಸೌಜನ್ಯಾ ಕೈಯಲ್ಲಿ ಸೌಟು ಹಿಡಿದು ಇಣುಕಿದಳು.

"ನೀವು ಹೊರಗಿದ್ರಾ? ಅಮ್ಮ ಎರಡು ಎಲೆ ಹಾಕು ಅಂದ್ಳು. ಒಂದು ಅವ್ಳ್ದು, ಒಂದು ನಿಮ್ದು ಅಂತ ಒಳಗಿಂದ್ಲೇ ಬಡ್ಸಿ ಕೊಟ್ಟೆ. ಎರಡು ಸಲ ಅನ್ನ ಕೇಳಿ ಆಯ್ತು! ಹಂಗಾರೆ ಆ ಎಲೆ ಮೇಲೆ..."

ನಡುಮನೆಯ ಕಡೆ ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಮಾದು ಬಾಗಿಲು ಬಡಿಯಲು ಕೈಯೆತ್ತಿದ. ಅಷ್ಟರಲ್ಲಿ ಒಳಗಿಂದ ನಾಗಮ್ಮನ ದನಿ ಬಂತು. "ಸೌಜೂ, ನಂಗೂ ಇನ್ನೊಂಚೂರು ಅನ್ನ ಹಾಕೇ. ಹಸಿವಾಗ್ತದೆ."

ಮಾದು ಕೈ ಇಳಿಸಿದ. ಒದ್ದೆ ಮೆಟ್ಟಿಲ ಮೇಲೆ, ಒಣಗಿದ್ದ ಒಂದು ಮೂಲೆ ನೋಡಿ ಕೂತ. ಬೆಳಗಿನಿಂದ ಮುಚ್ಚಿದ್ದ ಬಾಯನ್ನು ಕೊನೆಗೂ ತೆರೆದು ಮೆಲ್ಲಗೆ ಹೇಳಿದ:

"ಬಡ್ಸು ಹೋಗು. ನಾ ಆಮೇಲೆ ಉಂಬೆ. ಉಂಬ್ವಾಗ ಯಾರಾದ್ರೂ ಬಾಗ್ಲು ಬಡದ್ರೆ ಮಾವಂಗೆ ಸಿಟ್ಟು ಬರ್ತದೆ."